ರಾತ್ರಿ ಮೇಯುವ ಹುಡುಗ

ಮೂವತ್ತೆಂಟನೆಯ ವಯಸ್ಸಿನಲ್ಲಿ ಕೇಳಿ ಪಡೆದೆ ನನ್ನ ಫೈಲು.
ಹೆಕ್ಸಮ್ಮಿನ ಕೌನ್ಸಿಲ್ ಕಚೇರಿಯ ಹುಡುಗಿ
ಕಣ್ಣೆತ್ತದೆ ಕೊಟ್ಟಳು; ಒದ್ದೆ ರಟ್ಟಿನ ವಾಸನೆ.
ಮೂರನೆಯ ಹಾಳೆಯಲ್ಲಿ, ಟೈಪು ಮಷೀನಿನ ಕುಂಟು ಅಕ್ಷರದಲ್ಲಿ
ನಾನಿದ್ದೆ, ಒಂದೇ ಸಾಲು:
'ಮಗು ರಾತ್ರಿ ಎದ್ದು ಫೋರೇಜ್ ಮಾಡುತ್ತದೆ.'

ಹಸಿದಿದೆ ಎನ್ನಬಹುದಿತ್ತು.
ಕದಿಯುತ್ತದೆ ಎಂದಿದ್ದರೂ ಒಪ್ಪುತ್ತಿದ್ದೆ, ನಿಜವೇ ಅದು:
ದಿಂಬಿನಡಿ ಬ್ರೆಡ್ಡು, ಕಾಲುಚೀಲದಲ್ಲಿ ಚೀಸು,
ಹಾಸಿಗೆಯ ಸ್ಪ್ರಿಂಗಿನ ನಡುವೆ ಬೇಯಿಸಿದ ಆಲೂಗಡ್ಡೆಯೊಂದು
ಬೂಷ್ಟು ಹಿಡಿದು, ಮೊಲದ ಮರಿಯ ಹಾಗೆ
ಮೆತ್ತಗೆ ರೋಮ ಬಿಟ್ಟಿತ್ತು.
ಮೇಯುತ್ತದೆ ಅಂದಂತಾಯಿತಲ್ಲ, ಕುರಿಯೇ ನಾನು?
ಏಳು ವರ್ಷದವನು. ಆರು ಮನೆ ದಾಟಿ ಬಂದವನು.
ಊಟವೆಂಬುದು ನಿಂತುಹೋಗುತ್ತದೆ ಎಂದು ಬಲ್ಲವನು.

ಎಫೀ ರಾಬ್ಸನ್ ಆಲೂಗಡ್ಡೆ ಕಂಡಳು. ಬಯ್ಯಲಿಲ್ಲ, ಮುದ್ದಿಸಲೂ ಇಲ್ಲ.
ಬೆಳಿಗ್ಗೆ ಒಂದು ಬುಟ್ಟಿ, ಸತ್ತ ಗಂಡನ ಕೈಗವಸು ಎಸೆದು
'ಒಳಗೇನಿದೆಯೋ ಹುಡುಕೋದಕ್ಕೆ, ಬಾ ಹೊರಗೆ' ಅಂದಳು.

ಏಪ್ರಿಲ್. ರೀಡ್ ಹೊಳೆಯ ದಂಡೆಯಲ್ಲಿ ಕಾಡುಬೆಳ್ಳುಳ್ಳಿಯ ಘಾಟು.
ತುರಚಿಯನ್ನು ಅಳುಕಿ ಮುಟ್ಟಿದರೆ ಉರಿ,
ಗಟ್ಟಿ ಹಿಡಿದು ಚಿವುಟಿದರೆ ಸಾರು.
ನಾಯಿ ಕಾಲೆತ್ತುವ ಮಟ್ಟಕ್ಕಿಂತ ಕೆಳಗಿನದ್ದು ಬೇಡ.
ಹೆಸರು ತಿಳಿಯದ ಅಣಬೆ, ಎಷ್ಟೇ ಚೆಂದವಿರಲಿ, ಪಾದ್ರಿಗಿರಲಿ.
ಇಷ್ಟೇ ಅವಳ ಶಾಸ್ತ್ರ.

ಆಗಸ್ಟಿನಲ್ಲೊಮ್ಮೆ ಕಲ್ಲುಗೋಡೆಯ ಮೇಲೆ ಕೂತು ಹೇಳಿದಳು:
ಈ ಕಣಿವೆಯ ಹಳೆ ಮನೆಗಳಲ್ಲಿ ಉಗ್ರಾಣ ಬರಿದಾದ ದಿನ
ಹೆಂಡತಿ ಮುಚ್ಚಿದ ತಟ್ಟೆ ತಂದಿಡುತ್ತಿದ್ದಳಂತೆ.
ಮುಚ್ಚಳ ತೆಗೆದರೆ ಮಾಂಸವಿಲ್ಲ,
ಕುದುರೆ ಸವಾರನ ಒಂದು ಜೊತೆ ಹಿಮ್ಮಡಿಮುಳ್ಳು.
ಗಂಡಸರು ಮಾತಿಲ್ಲದೆ ಎದ್ದು, ಗಡಿ ದಾಟಿ
ಯಾರದೋ ದನ ಹೊಡೆದು ತರುತ್ತಿದ್ದರಂತೆ.
'ನಮ್ಮೋರೂ ಕಳ್ಳರೇ ಕಣೋ' ಅಂದಳು;
ಹೆಮ್ಮೆಯೋ ನಾಚಿಕೆಯೋ, ಬಾಯಿ ತುಂಬ ಹಣ್ಣು, ತಿಳಿಯಲಿಲ್ಲ.

ಫೈಲು ಮುಚ್ಚಿ, ಎದುರು ಬೀದಿಯ ಲೈಬ್ರರಿಗೆ ಹೋಗಿ
ದಪ್ಪ ನಿಘಂಟು ಇಳಿಸಿದೆ, ಜಗಳಕ್ಕೆ ಹೊರಟವನ ಹಾಗೆ.

ಮೊದಮೊದಲು ಅದು ಬರಿ ಹುಲ್ಲು.
ಫ್ರೆಂಚರ ಹಳೆಯ ಬಾಯಲ್ಲಿ, ಅದಕ್ಕೂ ಹಿಂದೆ ಜರ್ಮನ್ ಕುಲದವರ ಬಾಯಲ್ಲಿ
ದನದ ಮುಂದೆ, ಕುದುರೆಯ ಮುಂದೆ ಸುರಿಯುವ ಒಂದು ಹಿಡಿ ಒಣಮೇವು.
ಆಮೇಲೆ ದಂಡು ಬಂತು. ಕುದುರೆ ಹಸಿಯಿತು.
ಹುಲ್ಲಿಗೆಂದು ಹೋದವರು ಕೋಳಿ ತಂದರು, ಕಾಳು ತಂದರು,
ಹಿಂದೆ ಬೂದಿ ಬಿಟ್ಟು ಬಂದರು. ಮೇವು ಸೂರೆಯಾಯಿತು.
ದಾಳಿಯನ್ನು ಫೋರೇ ಅನ್ನುವುದು ಆ ಬಳ್ಳಿಯದೇ ಕುಡಿ,
ಎಫೀಯ ತಟ್ಟೆಯ ಆ ಮುಳ್ಳು.
ಎಷ್ಟೋ ಕಾಲದ ಮೇಲೆ ಪದಕ್ಕೆ ವಯಸ್ಸಾಗಿ
ಕತ್ತಿ ಎಲ್ಲೋ ಇಟ್ಟು ಮರೆತು, ಬುಟ್ಟಿ ಹಿಡಿದು
ಬೇಲಿಗುಂಟ ಬಗ್ಗಿ ಬಗ್ಗಿ ನಡೆದಿದೆ.

ಫುಡ್ ಅದರ ದಾಯಾದಿ. ಫಾಡರ್ ಒಡಹುಟ್ಟು.
ಸಣ್ಣಕ್ಷರದಲ್ಲಿ ಇನ್ನೊಂದು ಕವಲಿತ್ತು; ಬೆರಳಿಟ್ಟು ಓದಿದೆ:
ಫಾಸ್ಟರ್. ಉಣ್ಣಿಸು. ಉಣ್ಣಿಸಿ ಬೆಳೆಸು.
ಹುಲ್ಲು, ಕೊಳ್ಳೆ, ಸಾಕುತಾಯಿ. ಬೇರು ಒಂದೇ.

ಮತ್ತೆ ತೆರೆದೆ ಅದೇ ಮೂರನೆಯ ಹಾಳೆ.
ಮೇಲ್ತುದಿಯಲ್ಲಿ ಅಚ್ಚಾದ ಖಾನೆ: ಫಾಸ್ಟರ್ ಮದರ್.
ಅಲ್ಲಿ ಅವಳ ಹೆಸರು. ಕೆಳಗೆ ನನ್ನ ಕಳ್ಳತನ.
ನಡುವೆ ಒಂದಂಗುಲ ಬಿಳಿ;
ಒಂದೇ ಬಸಿರಿನ ಎರಡು ಮಾತು ಪರಸ್ಪರ ಗುರುತಿಲ್ಲದೆ
ಮೂವತ್ತೊಂದು ವರ್ಷ ಮಗ್ಗುಲಲ್ಲೇ ಮಲಗಿದ್ದವು.

ಕೊನೆಯ ಹಾಳೆ ಅವಳದೇ ಕೈಬರಹ. ಅಚ್ಚಿನ ಪ್ರಶ್ನೆ:
'ಮಗುವನ್ನು ಇಟ್ಟುಕೊಳ್ಳಲು ಇನ್ನೂ ಸಿದ್ಧರಿದ್ದೀರಾ?'
ಸಾಕು ಅನ್ನದೆ ಸಾಕಿದವಳು
ಅದಕ್ಕೆ ಉತ್ತರವನ್ನೇ ಬರೆದಿಲ್ಲ.
ಪಕ್ಕದಲ್ಲೊಂದು ಜಾಮಿನ ಕಲೆ, ಅದರಡಿಗೆ:
'ಹುಡುಗನಿಗೆ ಬೂಟು ಬೇಕು, ಎರಡನೇ ಸೈಜು.
ಬ್ಲ್ಯಾಕ್‌ಬೆರಿ ಈ ವರ್ಷ ತಡ.'